ದೋಣಿಕಟ್ಟೆಯಲ್ಲಿ ಕಲಿತ ಪಾರ್ಕಿಂಗ್ ಮಾತು: ನನ್ನ ಅನುಭವ

ಹಾಂಗ್‌ಕಾಂಗ್‌ನಲ್ಲಿ ಕಾರು ನಿಲ್ಲಿಸಲು ಬೇಕಾದ ಕ್ಯಾಂಟನೀಸ್ ಮಾತುಗಳನ್ನು ದೋಣಿಕಟ್ಟೆಯಲ್ಲಿ ಕಲಿಯುತ್ತೇನೆ ಎಂದಾಗ ಜೊತೆಗೆ ಕಲಿಯುತ್ತಿದ್ದವರು ಯಾರೂ ಒಪ್ಪಲಿಲ್ಲ. ಅವರಲ್ಲೇ ಇಬ್ಬರು ಈಗ ನನ್ನ ಟಿಪ್ಪಣಿ ಪುಸ್ತಕವನ್ನು ಕೇಳಿ ಪಡೆದಿದ್ದಾರೆ.

ಮೊದಲು ಸಂಜೆಯ ತರಗತಿಯೊಂದಕ್ಕೆ ಸುಮಾರು 3,000 ಹಾಂಗ್‌ಕಾಂಗ್ ಡಾಲರ್ ಕಟ್ಟಿದ್ದೆ. ಹಡಗು ತಂಗುವುದಕ್ಕೆ ಅಲ್ಲಿ ಕಲಿಸಿದ ‘ಥಿಂಗ್‌ಪೊಕ್’ ಎಂಬ ಪದದ ಎರಡನೆಯ ಚೀನೀ ಅಕ್ಷರವನ್ನೇ ಕಾರಿಗೂ ಬರೆಯುತ್ತಾರೆಂದು ತಿಳಿದು, ‘ಪೊಕ್ ಛೆ’ (‘ಛೆ’ ಎಂದರೆ ಗಾಡಿ) ಎಂದು ಕೇಳಿದರೆ ಪಾರ್ಕಿಂಗ್ ಕಾವಲುಗಾರನಿಗೆ ಏನೂ ಅರ್ಥವಾಗಲಿಲ್ಲ. ಅಕ್ಷರ ಒಂದೇ ಆದರೂ ಕಾರಿಗೆ ಅದು ಇಂಗ್ಲಿಷಿನ ‘ಪಾರ್ಕ್’ ಧ್ವನಿಯನ್ನು ತಳೆದು, ಏರಿಳಿಯದ ಮಧ್ಯಮ ಸ್ಥಾಯಿಯಲ್ಲಿ ‘ಫಾಕ್ ಛೆ’ ಆಗುತ್ತದೆ. ಈ ಫಕಾರ ‘ಫಲ’ದ ಮಹಾಪ್ರಾಣವೇ ಹೊರತು ಕಾಫಿಯದಲ್ಲ. ಕೊನೆಯ ಕಕಾರವನ್ನು ಗಂಟಲಲ್ಲೇ ತಡೆಯಬೇಕು. ಕಾರು, ಬಸ್ಸು ಎನ್ನುವ ನಮ್ಮ ನಾಲಿಗೆ ಅದಕ್ಕೊಂದು ಉಕಾರ ಸೇರಿಸಿಬಿಡುತ್ತದೆ. ಆ ಉಕಾರವನ್ನು ಬಿಡಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಒಮ್ಮೆ ರಸ್ತೆ ಬದಿಯಲ್ಲಿ ಕಾರು ಬಿಟ್ಟು ಹೊರಟಾಗ ಹಣ್ಣಿನಂಗಡಿಯವರು ‘ಛಾವ್ ಪಾಯ್’ ಎಂದು ಕೂಗಿ ಎಚ್ಚರಿಸಿದರು. ನಂಬರ್ ಪ್ಲೇಟ್ ಬರೆದುಕೊಳ್ಳುವುದು, ಅಂದರೆ ದಂಡ ಹಾಕುವುದು ಎಂಬ ಅರ್ಥ ಹೊಳೆಯದೆ ಮುಂದೆ ನಡೆದೆ. ಮರಳಿ ಬಂದಾಗ 320 ಡಾಲರ್‌ನ ದಂಡದ ಚೀಟಿ ಗಾಜಿನ ಮೇಲಿತ್ತು.

ಆಮೇಲೆ ಭಾನುವಾರಗಳಂದು ಹಾಂಗ್‌ಕಾಂಗ್‌ನದೇ ಆದ ಅಬರ್ಡೀನ್ ಬಂದರಿಗೆ ಹೋಗತೊಡಗಿದೆ. ಸಾಂಪಾನ್ ಎಂಬ ಚಿಕ್ಕ ದೋಣಿ ನಡೆಸುವ ಅಜ್ಜಿಯೊಬ್ಬರು ಅಂಗೈಯನ್ನು ಕಟ್ಟೆಯ ಕಡೆಗೆ ಮೆಲ್ಲಗೆ ಎಳೆದು ‘ಮಾಯ್’, ಅಂದರೆ ಹತ್ತಿರಕ್ಕೆ, ಎಂದು ತೋರಿಸಿದರು. ದೋಣಿ ದಡ ಸೇರುವುದು ‘ಮಾಯ್ ಙೋನ್’, ಬಸ್ಸು ನಿಲ್ದಾಣಕ್ಕೆ ಬರುವುದು ‘ಮಾಯ್ ಚಾಮ್’. ದೋಣಿ ತಂಗಿ ನಿಲ್ಲುವುದಕ್ಕೆ ಅವರು ಬಳಸಿದ ‘ವಾನ್’, ವಾನ್ ಚಾಯ್ ಬಡಾವಣೆಯ ಹೆಸರಿನಲ್ಲಿರುವ, ಕೊಲ್ಲಿ ಎಂಬರ್ಥದ ಪದವೇ. ‘ಫಾಕ್’ ದೋಣಿಗೂ ಸಲ್ಲುತ್ತದೆ ಎಂದು ತಿಳಿದದ್ದೂ ಅಲ್ಲಿಯೇ: ಒಳ್ಳೆಯ ಆಸರೆ ಸಿಕ್ಕವರನ್ನು ಒಳ್ಳೆಯ ‘ಮಾಥಾವ್’, ಅಂದರೆ ಕಟ್ಟೆಗೆ, ‘ಫಾಕ್’ ಆದವರು ಎನ್ನುತ್ತಾರೆ. ಇದನ್ನು ಯಾವ ತರಗತಿಯೂ ನನಗೆ ಹೇಳಿರಲಿಲ್ಲ.

ನಡುವೆ ಮಿನಿಬಸ್ಸುಗಳಲ್ಲಿ ‘ಯಾವ್ ಲೊಕ್’, ಅಂದರೆ ಇಳಿಯುವವರಿದ್ದಾರೆ, ಎಂದು ಕೂಗಿ ಚಾಲಕ ಕೇಳಿಸಿತೆಂದು ಕೈ ಎತ್ತುತ್ತಾನೆಯೇ ಎಂದು ಪರೀಕ್ಷಿಸುತ್ತಿದ್ದೆ. ಹತ್ತರಲ್ಲಿ ಏಳೆಂಟು ಸಲ ಎತ್ತಿದ.

ಕಳೆದ ತಿಂಗಳು ಅದೇ ಪಾರ್ಕಿಂಗ್‌ನಲ್ಲಿ ‘ಫಾಕ್ ಛೆ’ ಎಂದೆ. ಕಾವಲುಗಾರ ಒಮ್ಮೆಗೇ ಜಾಗ ತೋರಿಸಿ, ಗೋಡೆಯ ಕಡೆಗೆ ಇನ್ನಷ್ಟು ಸರಿಸಿ ಎಂಬರ್ಥದಲ್ಲಿ ‘ಫಾಕ್ ಮಾಯ್ ತಿ’ ಎನ್ನುತ್ತಾ ಅಜ್ಜಿಯಂತೆಯೇ ಅಂಗೈಯನ್ನು ಎಳೆದ.