1972ರ ಪೋರ್ಷೆ 911 ಕೊಳ್ಳುವ ಮುಂಚೆ ನಾನು ಏನೇನು ನೋಡಿದೆ

ಹಳೆ ಪೋರ್ಷೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಇಂಜಿನ್ ಹತ್ತಿರ ಹೋಗುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬಾಡಿ. ಇಂಜಿನ್ ಹೋದರೆ ಇನ್ನೊಂದು ಸಿಗುತ್ತದೆ, ಗೇರ್‌ಬಾಕ್ಸ್ ಹೋದರೂ ಸಿಗುತ್ತದೆ. ಆದರೆ ಇದು ಯಾವ ಕಾರು ಅಂತ ಹೇಳುವುದು ಚಾಸಿ ನಂಬರ್ ಹೊಡೆದಿರುವ ಆ ತಗಡು ಮಾತ್ರ. ಅದು ಸುಳ್ಳಾದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ನೀವು ದುಡ್ಡು ಕೊಟ್ಟಿರುವುದು ಬೇರೆ ಯಾವುದೋ ಕಾರಿಗೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಹತ್ತಿರ. ಹಳೆ 911 ಹುಡುಕಲು ಇದು ಒಳ್ಳೆ ಜಾಗ. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದಿಲ್ಲ, ಹಾಗಾಗಿ ತುಕ್ಕು ಕಡಿಮೆ. 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯೂ ಇಲ್ಲ. ನನಗೆ ಬೇಕಿದ್ದದ್ದು 1972ರ ಮಾಡೆಲ್, ಅಂದರೆ 1971ರ ಬೇಸಿಗೆ ಮುಗಿದ ಮೇಲೆ ತಯಾರಾಗಲು ಶುರುವಾದ ಕಾರು. ಆ ವರ್ಷವೇ 2341 ಸಿಸಿ ಇಂಜಿನ್ ಬಂತು, ಅದನ್ನೇ ಎಲ್ಲರೂ 2.4 ಅನ್ನುತ್ತಾರೆ. 915 ಅನ್ನುವ ಹೊಸ ಗೇರ್‌ಬಾಕ್ಸ್ ಬಂದದ್ದೂ ಆಗಲೇ. ಅದರ ಹಿಂದಿನ ಗೇರ್‌ಬಾಕ್ಸ್‌ನಲ್ಲಿ ಫಸ್ಟ್ ಗೇರ್ ಎಡಕ್ಕೆ ಎಳೆದು ಕೆಳಗೆ ಹಾಕಬೇಕಿತ್ತು, 915ರಲ್ಲಿ ಎಡಕ್ಕೆ ಮೇಲೆ. 1972 ಅಂತ ಹೇಳುವ ಕಾರಿನಲ್ಲಿ ಫಸ್ಟ್ ಗೇರ್ ಕೆಳಗೆ ಬಿದ್ದರೆ ಗೇರ್‌ಬಾಕ್ಸ್ ಬದಲಾಗಿದೆ ಅಂತ ಕೂತ ಜಾಗದಲ್ಲೇ ಗೊತ್ತಾಗುತ್ತದೆ.

ಆ ವರ್ಷದ ಇನ್ನೊಂದು ಗುರುತು ನನಗೆ ತುಂಬಾ ಇಷ್ಟ. ಆಯಿಲ್ ಟ್ಯಾಂಕನ್ನು ಹಿಂದಿನ ಚಕ್ರದ ಮುಂದಕ್ಕೆ ತಂದು, ಆಯಿಲ್ ಹಾಕಲು ಬಲ ಬಾಗಿಲಿನ ಹಿಂದೆ ಹೊರಗಡೆಯೇ ಒಂದು ಪುಟ್ಟ ಮುಚ್ಚಳ ಇಟ್ಟರು. ಪೆಟ್ರೋಲ್ ಬಂಕಿನಲ್ಲಿ ಜನ ಅದೇ ಪೆಟ್ರೋಲ್ ಟ್ಯಾಂಕ್ ಅಂದುಕೊಂಡು ಅದಕ್ಕೆ ಪೆಟ್ರೋಲ್ ತುಂಬಿಸಿಬಿಡುತ್ತಿದ್ದರು, ಅದಕ್ಕೇ 1973ಕ್ಕೆ ತೆಗೆದುಹಾಕಿದರು. ಹಾಗಾಗಿ 1972ರ ಕಾರಿನಲ್ಲಿ ಈ ಮುಚ್ಚಳ ಇಲ್ಲದಿದ್ದರೆ ಬಲಗಡೆ ಹಿಂದಿನ ಪ್ಯಾನೆಲ್ ಬೇರೆ ವರ್ಷದ ಕಾರಿನಿಂದ ಬಂದಿದೆ ಅಂತ ಅರ್ಥ. ಅಂದರೆ ಆ ಕಡೆ ಜೋರಾಗಿ ಪೆಟ್ಟು ಬಿದ್ದಿರಬಹುದು, ಇಲ್ಲವೇ ತುಕ್ಕು ತಿಂದಿರಬಹುದು. ಎರಡೂ ಕೇಳಬೇಕಾದ ವಿಷಯವೇ.

ಮೋಸ ನಡೆಯುವುದು ಎಲ್ಲಿ ಅಂದರೆ ಟಿ ಮತ್ತು ಎಸ್ ನಡುವೆ. ಆ ವರ್ಷ 911ರಲ್ಲಿ ಟಿ (T), ಇ (E), ಎಸ್ (S) ಅಂತ ಮೂರು ಬಗೆ ಇದ್ದವು. ಅಮೆರಿಕಕ್ಕೆ ಬಂದ ಟಿಗೆ 140 ಅಶ್ವಶಕ್ತಿ, ಇಗೆ 165, ಎಸ್‌ಗೆ 190. ಹೊರಗಿನಿಂದ ನೋಡಿದರೆ ಹೆಚ್ಚು ಕಡಿಮೆ ಒಂದೇ. ಟಿಗೆ ಫುಕ್ಸ್ ಅಲಾಯ್ ಚಕ್ರ ಹಾಕಿ, ಬಂಪರ್ ಕೆಳಗೆ ಎಸ್‌ನ ಸ್ಪಾಯ್ಲರ್ ಕಟ್ಟಿ, ಹಿಂದೆ ಎಸ್ ಬ್ಯಾಡ್ಜ್ ಅಂಟಿಸಿದರೆ ದೂರದಿಂದ ಯಾರಿಗೂ ಗೊತ್ತಾಗಲ್ಲ. ಆದರೆ ಬೆಲೆಯಲ್ಲಿ ಒಂದು ಮನೆಯ ಅಡ್ವಾನ್ಸ್ ಕೊಡುವಷ್ಟು ವ್ಯತ್ಯಾಸ ಇದೆ.

ನಂಬರ್ ಓದಲು ಬಂದರೆ ಈ ಮಟ್ಟದ ವೇಷ ಒಂದೇ ನಿಮಿಷದಲ್ಲಿ ಕಳಚುತ್ತದೆ. 1972ರ ಚಾಸಿ ನಂಬರಿಗೆ ಹತ್ತು ಅಂಕಿ. ಮೊದಲು 911. ನಾಲ್ಕನೆಯದು 2, ಅಂದರೆ 1972. ಐದನೆಯದು ಬಗೆ: ಅಮೆರಿಕದ ಟಿಗೆ 1, ಇಗೆ 2, ಎಸ್‌ಗೆ 3. ಆರನೆಯದು 0 ಇದ್ದರೆ ಕೂಪೆ, ಅಂದರೆ ಮುಚ್ಚಿದ ಛಾವಣಿಯದು; 1 ಇದ್ದರೆ ಟಾರ್ಗಾ, ಅಂದರೆ ಛಾವಣಿ ತೆಗೆಯಬಹುದಾದದ್ದು. ಉಳಿದ ನಾಲ್ಕು ಕ್ರಮಸಂಖ್ಯೆ. ಅಂದರೆ 911230 ಅಂತ ಶುರುವಾದರೆ ಎಸ್ ಕೂಪೆ, 911210 ಅಂತ ಶುರುವಾದರೆ ಟಿ ಕೂಪೆ. ಇಂಜಿನ್ ನಂಬರಿಗೂ ಇದೇ ಲೆಕ್ಕ. ಮೊದಲ 6 ಅಂದರೆ ಆರು ಸಿಲಿಂಡರ್, ಆಮೇಲೆ ಬಗೆ, ಆಮೇಲೆ ವರ್ಷ. ಎಸ್ ಇಂಜಿನ್ 632ರಿಂದ, ಅಮೆರಿಕದ ಟಿ 612ರಿಂದ. ಪಕ್ಕದಲ್ಲೇ ಇಂಜಿನ್ ಟೈಪ್ ಕೂಡ ಹೊಡೆದಿರುತ್ತದೆ: ಎಸ್‌ಗೆ 911/53, ಟಿಗೆ 911/51.

ನಾನು ಆಸೆಪಟ್ಟು ನೋಡಲು ಹೋದ ಮೊದಲ ಕಾರು ಎಸ್. ಟೈಟಲ್ ಪತ್ರದಲ್ಲಿ 911230, ಗಾಜಿನ ಪಕ್ಕದ ಪ್ಲೇಟಿನಲ್ಲೂ ಅದೇ, ಇಂಜಿನ್ 632. ಪೋರ್ಷೆ ಕಂಪನಿಯ ಹಳೆ ಸರ್ಟಿಫಿಕೇಟ್ ಕೂಡ ಇತ್ತು, ಇಂಜಿನ್ ನಂಬರ್ ಅದಕ್ಕೆ ತಾಳೆಯಾಗುತ್ತಿತ್ತು. ಇಷ್ಟು ನೋಡಿ ಬಹಳ ಜನ ಕೈಕುಲುಕಿಬಿಡುತ್ತಾರೆ. ನಾನು ಮುಂದಿನ ಡಿಕ್ಕಿಯ (911ಗೆ ಇಂಜಿನ್ ಹಿಂದೆ, ಡಿಕ್ಕಿ ಮುಂದೆ) ಕಾರ್ಪೆಟ್ ಎತ್ತಬಹುದಾ ಅಂತ ಕೇಳಿದೆ.

ನಿಜವಾದ ಚಾಸಿ ನಂಬರ್ ಇರುವುದು ಅಲ್ಲಿ, ಪೆಟ್ರೋಲ್ ಟ್ಯಾಂಕ್ ಹತ್ತಿರ, ಬಾಡಿಯ ತಗಡಿನ ಮೇಲೇ ಹೊಡೆದದ್ದು. ಮುಂದೆ ಬಾನೆಟ್ ಲಾಕ್ ಹತ್ತಿರ ಇರುವ ಅಲ್ಯೂಮಿನಿಯಂ ಪ್ಲೇಟ್, ಬಾಗಿಲ ಚೌಕಟ್ಟಿನ ಸ್ಟಿಕ್ಕರ್, ಇವೆಲ್ಲ ಹೊಸದಾಗಿ ಮಾಡಿಸಿದ್ದು ಮಾರುಕಟ್ಟೆಯಲ್ಲಿ ಸಿಗುತ್ತವೆ. ಹಳೆ ಸ್ಟಿಕ್ಕರ್ ಹಾಳಾಗಿ ಹೊಸದು ಅಂಟಿಸಿದವರೂ ಇರುತ್ತಾರೆ, ಅದೊಂದೇ ಮೋಸಕ್ಕೆ ಸಾಕ್ಷಿ ಅಲ್ಲ. ಆದರೆ ತಗಡಿನ ನಂಬರ್ ಮಾತ್ರ ಮುಟ್ಟಿರಬಾರದು.

ನಮ್ಮ ಚಿಕ್ಕಪ್ಪ ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟಿದ್ದರು. ಗಾಡಿ ಟ್ರಾನ್ಸ್‌ಫರ್ ಮಾಡುವಾಗ ಆರ್‌ಟಿಒಗೆ ಕೊಡಲು ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತಿದ್ದದ್ದನ್ನು ನಾನು ಚಿಕ್ಕಂದಿನಿಂದ ನೋಡಿದವನು. "ಕಣ್ಣು ನಂಬರ್ ಓದುತ್ತೆ ಕಣೋ, ಪೆನ್ಸಿಲ್ ಅಕ್ಷರ ಓದುತ್ತೆ" ಅನ್ನುತ್ತಿದ್ದರು. ಇಲ್ಲೂ ಅದನ್ನೇ ಮಾಡಿದೆ. ತೆಳು ಕಾಗದ, ಮೆತ್ತನೆ ಪೆನ್ಸಿಲ್. ಬರಿಗಣ್ಣಿಗೆ ಬಣ್ಣದ ಹೊಳಪಿನಲ್ಲಿ ಕಾಣದ್ದು ಕಾಗದದ ಮೇಲೆ ಬಂತು. ಒಂದೆರಡು ಅಂಕಿ ಉಳಿದವಕ್ಕಿಂತ ಆಳ, ನಂಬರಿನ ಸುತ್ತ ಒಂದು ಚೌಕದ ಗೆರೆ. ವೆಲ್ಡಿಂಗ್ ಮಾಡಿ ಉಜ್ಜಿ ಸಮ ಮಾಡಿ ಬಣ್ಣ ಹೊಡೆದ ಗೆರೆ. ಹತ್ತಿರದ ಕ್ರಮಸಂಖ್ಯೆಯ ಅಸಲಿ ಕಾರುಗಳ ಫೋಟೋಗಳನ್ನು ಪೋರ್ಷೆ ಕ್ಲಬ್ಬಿನ ಹಳಬರಿಂದ ಮೊದಲೇ ಇಸಿದುಕೊಂಡಿದ್ದೆ. ಅವುಗಳ ಪಕ್ಕ ಇಟ್ಟು ನೋಡಿದರೆ 3ರ ಆಕಾರವೇ ಬೇರೆ.

ಇಲ್ಲೊಂದು ನ್ಯಾಯದ ಮಾತು ಹೇಳಬೇಕು. ಈ ಕಾರುಗಳಿಗೆ ಮುಂದಿನ ಎರಡು ಮೂಲೆಯಲ್ಲೂ ಒಂದೊಂದು ಬ್ಯಾಟರಿ. ಆಸಿಡ್ ಚೆಲ್ಲಿ ಸುತ್ತಲಿನ ತಗಡನ್ನು ತಿನ್ನುತ್ತದೆ, ಸಸ್ಪೆನ್ಷನ್ ಕೂರುವ ತಳದ ತಗಡು ನೀರು ನಿಂತು ತುಕ್ಕು ಹಿಡಿಯುತ್ತದೆ. ಪೂರ್ತಿ ಬಾಡಿಗೆ ಸತುವಿನ ಲೇಪ ಬಂದದ್ದು 1976ರ ಮಾಡೆಲ್‌ನಿಂದ. ಆದ್ದರಿಂದ ಮುಂಭಾಗದಲ್ಲಿ ರಿಪೇರಿ ಕಂಡ ಕೂಡಲೇ ಕಳ್ಳಗಾಡಿ ಅನ್ನಬಾರದು. ಒಳ್ಳೆ ಟಿಂಕರಿಂಗ್ ಮಾಡಿದವರು ನಂಬರ್ ಇರುವ ತಗಡನ್ನು ಬಿಟ್ಟು ಸುತ್ತ ಕೆಲಸ ಮಾಡುತ್ತಾರೆ, ಫೋಟೋ ಇಟ್ಟಿರುತ್ತಾರೆ, ಬಿಲ್ ಇರುತ್ತದೆ. ಈ ಕಾರಿನಲ್ಲಿ ಆಗಿದ್ದು ಉಲ್ಟಾ. ಸುತ್ತಲಿನ ತಗಡು ಹಳೆಯದು, ಫ್ಯಾಕ್ಟರಿಯ ಗುಂಡಗಿನ ಸ್ಪಾಟ್ ವೆಲ್ಡ್‌ಗಳು ಹಾಗೇ ಇದ್ದವು. ನಂಬರಿನ ತುಂಡು ಮಾತ್ರ ಹೊರಗಿನಿಂದ ಬಂದದ್ದು.

ಅಷ್ಟಾದ ಮೇಲೆ ಬೇರೆ ಸಾಕ್ಷಿಗಳನ್ನೂ ನೋಡಿದೆ, ಯಾಕಂದರೆ ಒಂದೇ ಗೆರೆ ನೋಡಿ ತೀರ್ಮಾನ ಮಾಡುವುದು ನನಗೆ ಇಷ್ಟ ಇಲ್ಲ. ಚಾಲಕನ ಬಾಗಿಲಿನ ಹಿಂಜ್ ಕಡೆಯ ಕಂಬದಲ್ಲಿ ಬಣ್ಣದ ಕೋಡ್ ಇರುವ ಪುಟ್ಟ ಪ್ಲೇಟ್ ಇರುತ್ತದೆ. ಅದರ ಬಣ್ಣ ಸರ್ಟಿಫಿಕೇಟಿನ ಬಣ್ಣ ಅಲ್ಲ. ಡ್ಯಾಶ್‌ಬೋರ್ಡಿನಲ್ಲಿರುವ ವಿಡಿಒ ಕಂಪನಿಯ ಮೀಟರುಗಳು ಕೈಯಿಂದ ಎಳೆದರೆ ಹೊರಗೆ ಬರುತ್ತವೆ, ಹಿಂದೆ ತಿಂಗಳು ವರ್ಷ ಒತ್ತಿರುತ್ತದೆ. ಕಾರು ತಯಾರಾದ ತಿಂಗಳಿಗಿಂತ ಸ್ವಲ್ಪ ಮುಂಚಿನ ತಾರೀಖು ಇರಬೇಕು. ಇದರಲ್ಲಿ ಒಂದೊಂದಕ್ಕೆ ಒಂದೊಂದು ವರ್ಷ. ಫುಕ್ಸ್ ಚಕ್ರದ ಒಳಮುಖದಲ್ಲೂ ತಾರೀಖು ಇರುತ್ತದೆ, ಗಾಜಿನಲ್ಲಿ, ಸೀಟ್‌ಬೆಲ್ಟ್ ಲೇಬಲ್‌ನಲ್ಲೂ ಇರುತ್ತದೆ. ಇವು ಬದಲಾಗುವ ವಸ್ತುಗಳೇ, ಒಂದೆರಡು ತಾಳೆಯಾಗದಿದ್ದರೆ ಚಿಂತೆ ಇಲ್ಲ. ಒಂದೂ ತಾಳೆಯಾಗದಿದ್ದರೆ ಆ ಕಾರು ಹಲವು ಕಾರುಗಳ ತುಂಡು ಸೇರಿಸಿ ಮಾಡಿದ್ದು. ನನ್ನ ಅಂದಾಜು, ಎಲ್ಲೋ ನುಜ್ಜಾದ ಅಸಲಿ ಎಸ್‌ನ ಇಂಜಿನ್ ಮತ್ತು ಕಾಗದ ತಂದು, ಅದರ ನಂಬರನ್ನು ಬೇರೆ ತಗಡಿನ ತುಂಡಿಗೆ ಹೊಡೆದು ಒಂದು ಟಿ ಬಾಡಿಗೆ ಕೂರಿಸಿದ್ದಾರೆ.

ಮಾರುವವರು ತಮಗೆ ಇದು ಗೊತ್ತೇ ಇರಲಿಲ್ಲ ಅಂದರು. ಅವರೂ ಹೀಗೆಯೇ ಕೊಂಡಿರಬಹುದು. ಬೆಲೆ ಇಳಿಸುತ್ತೇನೆ ಅಂದಾಗಲೂ ನಾನು ಬೇಡ ಅಂದೆ. ಕ್ಯಾಲಿಫೋರ್ನಿಯಾದಲ್ಲಿ ಚಾಸಿ ನಂಬರ್ ತಿದ್ದಿದ ಗಾಡಿಯನ್ನು ಪೊಲೀಸರು ಜಪ್ತಿ ಮಾಡಬಹುದು, ನೀವು ತಿಳಿಯದೆ ಕೊಂಡಿದ್ದರೂ ಕೂಡ. ಅಂಥ ಗಾಡಿ ಅರ್ಧ ಬೆಲೆಗೂ ಬೇಡ.

ಸರ್ಟಿಫಿಕೇಟ್ ಬಗ್ಗೆ ತಪ್ಪು ತಿಳುವಳಿಕೆ ಜಾಸ್ತಿ ಇದೆ. ಆ ಕಾಗದ ಹೇಳುವುದು ಇಷ್ಟೇ: ಈ ನಂಬರಿನ ಒಂದು ಕಾರು ಇಂಥ ದಿನ ತಯಾರಾಯಿತು, ಇಂಥ ಇಂಜಿನ್, ಇಂಥ ಬಣ್ಣ, ಇಂಥ ಆಪ್ಷನ್‌ಗಳಿದ್ದವು. ಬರೆದುಕೊಟ್ಟವರು ನಿಮ್ಮ ಮುಂದಿರುವ ಕಾರನ್ನು ಕಣ್ಣಿಂದ ನೋಡಿಲ್ಲ. ಕಾಗದದ ಕಾರೂ ಮುಂದಿರುವ ಕಾರೂ ಒಂದೇ ಅಂತ ಸಾಬೀತು ಮಾಡುವ ಕೆಲಸ ನಮ್ಮದು. ಕಾರಿನ ಹಳೆ ದಾಖಲೆ ಹುಡುಕಿಕೊಡುವ ಕಾರ್‌ಫ್ಯಾಕ್ಸ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಅದಕ್ಕೆ ಬೇಕಾದ ಹದಿನೇಳು ಅಂಕಿ ಅಕ್ಷರದ ಚಾಸಿ ನಂಬರ್ ಕಡ್ಡಾಯವಾದದ್ದೇ 1981ರ ಮಾಡೆಲ್‌ನಿಂದ. ಅದರ ಬದಲು ಹಳೆ ಸರ್ವಿಸ್ ಬಿಲ್ ಕೇಳಿ. ತಾರೀಖು, ಮೈಲಿ, ನಂಬರ್ ಪ್ಲೇಟ್ ಮೂರೂ ಇರುವ ಬಿಲ್ಲುಗಳು ಸಾಲಾಗಿ ಸಿಕ್ಕರೆ ಕಾರಿನ ಜಾತಕ ಸಿಕ್ಕಂತೆ.

ಕೊನೆಗೆ ನಾನು ಕೊಂಡದ್ದು ಒಂದು ಟಿ. ನೀಲಿ ಮೇಲೆ ಹಳದಿ ಅಕ್ಷರದ ಕ್ಯಾಲಿಫೋರ್ನಿಯಾ ಪ್ಲೇಟ್ ಇನ್ನೂ ಅದರ ಮೇಲಿತ್ತು, ಮೂರು ಅಂಕಿ ಮೂರು ಅಕ್ಷರದ್ದು. ಅದೇ ಪ್ಲೇಟ್ ನಂಬರ್ ಎಪ್ಪತ್ತರ ದಶಕದ ಬಿಲ್ಲುಗಳಲ್ಲೂ ಇತ್ತು. ಡಿಕ್ಕಿಯ ನಂಬರ್ ಪೆನ್ಸಿಲ್ ಪ್ರಿಂಟ್‌ನಲ್ಲಿ ಒಂದೇ ಆಳಕ್ಕೆ ಬಂತು, ಸುತ್ತ ಗೆರೆ ಇಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟಾಗ ಎಡ ಮುಂದಿನ ಫೆಂಡರ್ ಒಂದರಲ್ಲಿ ಮಾತ್ರ ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದು ಗೊತ್ತಾಯಿತು. ಆ ಫೆಂಡರ್ ಬೋಲ್ಟ್ ಹಾಕಿ ಕೂರಿಸುವಂಥದ್ದು, ದೊಡ್ಡ ವಿಷಯ ಅಲ್ಲ.

ಇಂಜಿನ್ 612, ಟೈಪ್ 911/51, ಎರಡೂ ಸರಿ. ಆದರೆ ಸರ್ಟಿಫಿಕೇಟಿನಲ್ಲಿದ್ದ ನಂಬರ್ ಅದಲ್ಲ. ಮೂಲ ಇಂಜಿನ್ ಕೇಸ್ ಮೆಗ್ನೀಸಿಯಂದು, ಅದು ಒಡೆದು ಅದೇ ವರ್ಷದ ಇನ್ನೊಂದು ಟಿ ಇಂಜಿನ್ ಹಾಕಿಸಿದ ಬಿಲ್ ಫೈಲಿನಲ್ಲಿತ್ತು. ನಂಬರ್ ಹೊಡೆದ ಜಾಗವನ್ನು ಯಾರೂ ಉಜ್ಜಿರಲಿಲ್ಲ, ಹೊಸ ನಂಬರ್ ಹೊಡೆದಿರಲಿಲ್ಲ. ಆ ಪ್ರಾಮಾಣಿಕತೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಮೂಲ ಇಂಜಿನ್ ಅಲ್ಲದ್ದಕ್ಕೆ ಬೆಲೆ ಕಡಿಮೆ ಮಾಡಿ ಅಂದೆ, ಒಪ್ಪಿದರು. ಗೇರ್‌ಬಾಕ್ಸ್ ಕೆಳಗಿನ ನಂಬರ್ ಮಾತ್ರ ಕಾಗದಕ್ಕೆ ಸರಿಯಾಗಿ ಕೂತಿತು. ಪಂಪ್ ಮೂಲಕ ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಮೂಲ ಮೆಕ್ಯಾನಿಕಲ್ ಫ್ಯುಯೆಲ್ ಇಂಜೆಕ್ಷನ್ ಕೂಡ ಹಾಗೇ ಉಳಿದಿತ್ತು. ಬಹಳ ಟಿಗಳಲ್ಲಿ ಆ ಪಂಪ್ ರಿಪೇರಿ ಕಷ್ಟ ಅಂತ ಕಿತ್ತು ವೆಬರ್ ಕಾರ್ಬುರೇಟರ್ ಹಾಕಿಸಿಬಿಟ್ಟಿದ್ದಾರೆ.

ದುಡ್ಡು ಕೊಡುವ ಮುಂಚೆ ಹಳೆ 911 ಮಾತ್ರ ಮುಟ್ಟುವ ಒಬ್ಬ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ತೋರಿಸಿದೆ. ಮಾರುವವರಿಗೆ ಗೊತ್ತಿರುವ ಮೆಕ್ಯಾನಿಕ್ ಬೇಡ, ನಿಮ್ಮವರನ್ನೇ ಹುಡುಕಿ, ಫೀಸು ನೀವೇ ಕೊಡಿ. ಇನ್ನೂ ಒಂದು ಮಾತು. ದೂರ ಇದ್ದರೆ ಹೋಗುವ ಮುಂಚೆಯೇ ಫೋಟೋ ತರಿಸಿಕೊಳ್ಳಿ: ಡಿಕ್ಕಿಯ ತಗಡಿನ ನಂಬರ್ ಕಾರ್ಪೆಟ್ ಎತ್ತಿ ಹತ್ತಿರದಿಂದ, ಫ್ಯಾನ್ ಪಕ್ಕದ ಇಂಜಿನ್ ನಂಬರ್, ಬಣ್ಣದ ಪ್ಲೇಟ್, ಎರಡೂ ಬ್ಯಾಟರಿ ತೆಗೆದು ಅದರ ಕೆಳಗಿನ ಜಾಗ. ಒಳ್ಳೆ ಗಾಡಿ ಇಟ್ಟವರು ಇದನ್ನೆಲ್ಲ ಖುಷಿಯಿಂದ ಕಳಿಸುತ್ತಾರೆ. ನನಗೆ ಟಿ ಮಾರಿದವರು ಅದೇ ಸಂಜೆ ಕಳಿಸಿದ್ದರು, ಆಮೇಲೆ ಇನ್ಶೂರೆನ್ಸ್‌ಗೆ ಕಾರಿನ ಮೌಲ್ಯ ಗೊತ್ತುಮಾಡುವಾಗಲೂ ಆ ಫೋಟೋಗಳನ್ನೇ ಕೊಟ್ಟೆ.