ರಾತ್ರಿ ಬ್ರಷ್ ನನ್ನ ಕೈಯಲ್ಲಿ

ನಮ್ಮ ಮನೆಯಲ್ಲಿ ಬೆಳಗಿನ ಬ್ರಷ್ ಮಗಳದು, ರಾತ್ರಿಯದು ನನ್ನದು. ಬೆಳಗ್ಗೆ ಅವಳು ಕನ್ನಡಿ ನೋಡಿಕೊಂಡು ಸುಮ್ನೆ ಆಟ ಆಡುತ್ತ ಉಜ್ಜಿದರೂ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಪುರುಸೊತ್ತೆಲ್ಲಿ? ರಾತ್ರಿ ಮಾತ್ರ ಬಿಡುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಹಲ್ಲಿಗೆ ಅಂಟಿದ ಹಾಲು, ಬಿಸ್ಕೆಟ್ಟಿನ ಸಿಹಿ ತೊಳೆದು ಹೋಗುವುದಿಲ್ಲ. ಬ್ಯಾಕ್ಟೀರಿಯಾ ಅದನ್ನೇ ಹಲ್ಲು ಕೊರೆಯುವ ಆಮ್ಲ ಮಾಡುತ್ತವೆ. ಅದಕ್ಕೇ ಹಾಲು ಮೊದಲು, ಬ್ರಷ್ ಕೊನೆಗೆ.

ಮಂಚದ ಮೇಲೆ ಕೂತು ಅವಳ ತಲೆಯನ್ನು ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ. ಎದುರಿಗೆ ನಿಲ್ಲಿಸಿಕೊಂಡರೆ ಮೇಲಿನ ದವಡೆ ಹಲ್ಲು ಕಾಣುವುದೇ ಇಲ್ಲ. ತುಟಿ ಎತ್ತಿ ಒಸಡಿನ ಅಂಚು ನೋಡುತ್ತೇನೆ. ಅಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗುತ್ತಿರಬಹುದು. ಆ ಹಂತದಲ್ಲಿ ಡೆಂಟಿಸ್ಟ್ ಫ್ಲೋರೈಡ್ ವಾರ್ನಿಷ್ (ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ಇರುವ ಲೇಪ) ಹಚ್ಚಿ ತಡೆಯಬಹುದು. ಗುಳಿ ಬಿದ್ದ ಮೇಲೆ ಫಿಲ್ಲಿಂಗೇ ಗತಿ.

ಜಗಳ ಆಗಿದ್ದು ಫ್ಲೋರೈಡ್ ಇರುವ ಪೇಸ್ಟಿನ ವಿಷಯಕ್ಕೆ. ನಮ್ಮತ್ತೆ ಪಾವಗಡದ ಕಡೆಯವರು. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕಂದುಗಟ್ಟಿದವರನ್ನು ನೋಡುತ್ತಲೇ ಬೆಳೆದವರು. "ಆ ವಿಷನ ಮಗು ಬಾಯಿಗೆ ಹಾಕ್ತೀಯಾ?" ಅಂದರು. ಅವರ ಭಯ ಸುಳ್ಳಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಬೆಂಗಳೂರಲ್ಲೂ ಬೋರ್‌ವೆಲ್, ಟ್ಯಾಂಕರ್ ನೀರನ್ನೇ ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನಮ್ಮದು ಕಾವೇರಿ ನೀರು. ದಿನವಿಡೀ ಕುಡಿಯುವುದೇ ಬೇರೆ, ಚೂರು ಹಚ್ಚಿ ಉಗಿಯುವುದೇ ಬೇರೆ ಅಲ್ವಾ? ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ಉದ್ದಕ್ಕೂ ಬೇಡವೇ ಬೇಡ. ಟ್ಯೂಬಿನ ಮೇಲೆ 1000 ಪಿಪಿಎಂ ಫ್ಲೋರೈಡ್ ಅಂತ ಇದೆಯಾ ನೋಡಿ ತರುತ್ತೇನೆ. ಉಗಿದ ಮೇಲೆ ನೀರು ಹಾಕಿ ಮುಕ್ಕಳಿಸಲು ಬಿಡುವುದಿಲ್ಲ. ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಇರಲಿ ಅಂತ.

"ಬೀಳೋ ಹಲ್ಲಿಗೆ ಇಷ್ಟೊಂದು ಪಾಡು ಯಾಕಮ್ಮಾ?" ಅನ್ನುವುದು ಅತ್ತೆಯ ಇನ್ನೊಂದು ಪ್ರಶ್ನೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಿಂದಿನ ಹಾಲು ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕು. ಅವನ್ನು ಬೇಗ ಕೀಳಿಸಿದರೆ ಪಕ್ಕದವು ವಾಲಿಕೊಂಡು, ಹೊಸ ಹಲ್ಲಿಗೆ ಜಾಗ ಸಾಲದೆ ಸೊಟ್ಟ ಬರುತ್ತದೆ.

ತಿಂಡಿಯ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಿಲ್ಲ. ಬೇಕರಿಯ ಹನಿ ಕೇಕ್ ಒಂದೇ ಸಲ ತಿಂದು ಮುಗಿಸಲಿ. ಸಂಜೆಯೆಲ್ಲ ಚೂರು ಚೂರೇ ಮೆಲ್ಲುವುದಕ್ಕೆ ಮಾತ್ರ ಬೇಡ ಅನ್ನುತ್ತೇನೆ.

ಮಗಳಿಗೆ ಈಗ ಏಳು ನಡೆಯುತ್ತಿದೆ. ಕೊನೆಯ ಹಾಲು ಹಲ್ಲಿನ ಹಿಂದೆ ಹೊಸ ದವಡೆ ಹಲ್ಲು ಇಣುಕಿದೆ. ಇದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಇದನ್ನೂ ಹಾಲು ಹಲ್ಲು ಅಂದುಕೊಳ್ಳುವವರೇ ಹೆಚ್ಚು. ಇದು ಜೀವನಪೂರ್ತಿ ಇರಬೇಕಾದ್ದು. ಪೂರ್ತಿ ಮೇಲೆ ಬರುವವರೆಗೆ ಪಕ್ಕದ್ದಕ್ಕಿಂತ ತಗ್ಗಿನಲ್ಲಿರುತ್ತದೆ, ನೆಟ್ಟಗೆ ಉಜ್ಜಿದರೆ ಬ್ರಷ್ ತಾಕುವುದಿಲ್ಲ. ಕೆನ್ನೆಯ ಕಡೆಯಿಂದ ಬ್ರಷ್ ಅಡ್ಡ ತೂರಿಸಿ ಉಜ್ಜುತ್ತೇನೆ. ಪೂರ್ತಿ ಬಂದ ಮೇಲೆ ಅದರ ಗೆರೆಗಳಿಗೆ ಸೀಲೆಂಟ್, ಅಂದರೆ ಹುಳುಕು ಹಿಡಿಯದಂತೆ ಮುಚ್ಚುವ ತೆಳು ಲೇಪ, ಹಾಕಿಸುವುದಿದೆ.