ಗೇಟಿನಿಂದ ಗೋದಾಮಿಗೆ ಗಾಜಿನ ಎಳೆ: ಫೈಬರ್ ಮೋಡೆಮ್ ಕೂರಿಸುವುದು, ಪರೀಕ್ಷಿಸುವುದು ಹೇಗೆ?

ಭರಣಿ ಮಳೆಯ ಮೊದಲ ಸಿಡಿಲಿಗೇ ತಿಪಟೂರು ಹತ್ತಿರದ ಒಂದು ಎಣ್ಣೆ ಗಿರಣಿಯಲ್ಲಿ ಎರಡು ಕಂಪ್ಯೂಟರ್, ಒಂದು ನೆಟ್‌ವರ್ಕ್ ಸ್ವಿಚ್, ವೇಬ್ರಿಡ್ಜಿನ ತೂಕ ತೋರಿಸುವ ಡಬ್ಬ ಎಲ್ಲ ಒಟ್ಟಿಗೆ ಸುಟ್ಟುಹೋದವು. ಸಿಡಿಲು ಗಿರಣಿಗೆ ಬಡಿದಿರಲಿಲ್ಲ. ತೋಟದ ಆಚೆ ಬದಿಯ ಒಂದು ತೆಂಗಿನ ಮರಕ್ಕೆ ಬಡಿದಿತ್ತು. ಗೇಟಿನ ಆಫೀಸಿನಿಂದ ಹಿಂದಿನ ಕೊಬ್ಬರಿ ಗೋದಾಮಿನವರೆಗೆ ಮರದಿಂದ ಮರಕ್ಕೆ ಬಿಗಿದಿದ್ದ ತಾಮ್ರದ ಲ್ಯಾನ್ ಕೇಬಲ್ಲೇ ಆ ಹೊಡೆತವನ್ನು ಎರಡೂ ಕಡೆಗೆ ಮುಟ್ಟಿಸಿತ್ತು.

ಮಾಲೀಕರು ಕೇಳಿದ್ದು ಒಂದೇ ಮಾತು: ‘ಫೈಬರ್ ಹಾಕ್ಸಿದ್ರೆ ಇದು ತಪ್ಪುತ್ತಾ ಸ್ವಾಮಿ?’

ಆ ದಾರಿಯಿಂದ ಬರುವ ಹೊಡೆತವಂತೂ ತಪ್ಪುತ್ತದೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ತಾಮ್ರದ ಲ್ಯಾನ್ ಕೇಬಲ್‌ಗೆ 100 ಮೀಟರಿನ ಮಿತಿ ಇದೆ. ಇಲ್ಲಿ ದೂರ 450 ಮೀಟರ್. ಹಾಗಾಗಿ ನಡುನಡುವೆ ಮರಗಳಿಗೆ ಡಬ್ಬ ಕಟ್ಟಿ, ಅದರೊಳಗೆ ಸ್ವಿಚ್ ಇಟ್ಟು, ಅದಕ್ಕೊಂದು ಕರೆಂಟ್ ವೈರ್ ಎಳೆದು ಹೇಗೋ ನಡೆಸುತ್ತಿದ್ದರು. ಒಂದು ಡಬ್ಬದಲ್ಲಿ ಕಣಜ ಗೂಡು ಕಟ್ಟಿತ್ತು. ಅಲ್ಲಿ ಫೈಬರ್ ಹಾಕಿದ ಅನುಭವವನ್ನೇ ಮುಂದಿಟ್ಟುಕೊಂಡು, ಈ ಕೆಲಸ ಯಾವ ಕ್ರಮದಲ್ಲಿ ಆಗಬೇಕು ಎಂದು ಹೇಳುತ್ತೇನೆ. ಜಾಯಿಂಟ್ ಹಾಕುವ ಯಂತ್ರ ನಿಮ್ಮಲ್ಲಿ ಇರಲಾರದು, ಅದಕ್ಕೆ ಕೆಲಸಗಾರರನ್ನೇ ಕರೆಸಿ. ಆದರೆ ಅವರು ಮಾಡಿದ್ದು ಸರಿಯಿದೆಯೇ ಎಂದು ನೋಡುವುದು ನಿಮ್ಮ ಕೈಯಲ್ಲೇ ಇದೆ.

ಯಾವ ಡಬ್ಬ ತರಬೇಕು

ನಾವೆಲ್ಲ ‘ಫೈಬರ್ ಮೋಡೆಮ್’ ಎನ್ನುವುದು ಎರಡು ಬೇರೆ ಬೇರೆ ವಸ್ತುಗಳಿಗೆ. ಮನೆಗೆ ಇಂಟರ್‌ನೆಟ್ ಕೊಡುವವರು ತಂದು ಕೂರಿಸುವುದು ಒಂದು; ಅಲ್ಲಿ ಒಂದೇ ಎಳೆಯ ಬೆಳಕನ್ನು ಸ್ಪ್ಲಿಟರ್ ಇಟ್ಟು ಹಲವು ಮನೆಗಳಿಗೆ ಹಂಚಿರುತ್ತಾರೆ. ನಮ್ಮದೇ ಎರಡು ಕಟ್ಟಡಗಳನ್ನು ಜೋಡಿಸಲು ಬೇಕಾದದ್ದು ಇನ್ನೊಂದು, ಅಂಗಡಿಯಲ್ಲಿ ‘ಮೀಡಿಯಾ ಕನ್ವರ್ಟರ್’ ಎಂದು ಕೇಳಬೇಕು. ಒಂದು ಕಡೆ ಲ್ಯಾನ್ ಕೇಬಲ್, ಇನ್ನೊಂದು ಕಡೆ ಫೈಬರ್. ಸಿಗರೇಟ್ ಪ್ಯಾಕಿಗಿಂತ ತುಸು ದೊಡ್ಡ ಡಬ್ಬ.

ಒಂದೇ ಎಳೆಯಲ್ಲಿ ಹೋಗುವ ಬೆಳಕು, ಬರುವ ಬೆಳಕು ಎರಡೂ ಓಡಾಡುವ ಬಗೆಯದು ಇದರಲ್ಲಿ ಅಗ್ಗ, ಅನುಕೂಲ. ಇದು ಜೋಡಿಯಾಗಿಯೇ ಬರುತ್ತದೆ: ‘ಎ’ ಡಬ್ಬ 1310 ನ್ಯಾನೋಮೀಟರ್ ತರಂಗದ ಬೆಳಕನ್ನು ಕಳಿಸಿ 1550ನ್ನು ಪಡೆಯುತ್ತದೆ, ‘ಬಿ’ ಡಬ್ಬ ಅದರ ಉಲ್ಟಾ. ಎತ್ತುಗಳ ಜೋಡಿಯ ಹಾಗೆ, ಎಡಗೋಲಿನದು ಒಂದು, ಬಲಗೋಲಿನದು ಒಂದು. ಎರಡು ‘ಎ’ ತಂದರೆ ಬೆಳಕು ಬರುತ್ತದೆ, ಬೆಳಕು ಅಳೆಯುವ ಪವರ್ ಮೀಟರಿನಲ್ಲೂ ಕಾಣುತ್ತದೆ, ಲಿಂಕ್ ಮಾತ್ರ ಬರುವುದಿಲ್ಲ. ಒಂದು ಕೆಟ್ಟಿತೆಂದು ಅಂಗಡಿಗೆ ಓಡುವ ಮುನ್ನ ಕೆಟ್ಟದ್ದು ಯಾವುದು ಎಂದು ನೋಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ‘80 ಕಿಲೋಮೀಟರಿನದು ತಗೊಳ್ಳಿ, ಪವರ್ ಜಾಸ್ತಿ’ ಎಂದು ಅಂಗಡಿಯವರು ಹೇಳಿದರೆ ಬೇಡ ಎನ್ನಿ. ಅರ್ಧ ಕಿಲೋಮೀಟರಿಗೆ ಅಷ್ಟು ಬೆಳಕು ಬಿಟ್ಟರೆ ಪಡೆಯುವ ಕಡೆಯ ಕಣ್ಣು ಕುಕ್ಕುತ್ತದೆ, ಹಾಳಾಗಲೂಬಹುದು. 20 ಕಿಲೋಮೀಟರಿನದು ಧಾರಾಳ.

ಮೊದಲು ಕಾಗದದ ಮೇಲೆ ಲೆಕ್ಕ

ಬೆಳಕು ಹೋಗುತ್ತ ಹೋಗುತ್ತ ತೂಕ ಕಳೆದುಕೊಳ್ಳುತ್ತದೆ, ಅಟ್ಟದ ಮೇಲಿನ ಕಾಯಿಯ ಹಾಗೆ. ಎಷ್ಟು ಕಳೆಯುತ್ತದೆ ಎಂಬುದನ್ನು ಮೊದಲೇ ಹೇಳಬಹುದು. ಸಿಂಗಲ್ ಮೋಡ್ ಫೈಬರಿನಲ್ಲಿ, ಅಂದರೆ ಬೆಳಕಿಗೆ ಒಂದೇ ದಾರಿ ಇರುವ ಸಣ್ಣ ತಿರುಳಿನ ಫೈಬರಿನಲ್ಲಿ, 1310ರ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.35 ಡಿಬಿ ನಷ್ಟ (ಡಿಬಿ ಅಂದರೆ ಡೆಸಿಬೆಲ್, ಬೆಳಕಿನ ನಷ್ಟದ ಅಳತೆ). 1550ಕ್ಕೆ ಇನ್ನೂ ಕಡಿಮೆ, 0.2ರ ಆಸುಪಾಸು. ಒಳ್ಳೆಯ ಜಾಯಿಂಟಿಗೆ 0.1ಕ್ಕಿಂತ ಕಡಿಮೆ. ಕನೆಕ್ಟರಿಗೆ ಕನೆಕ್ಟರ್ ಕೂಡುವ ಕಡೆ 0.5 ಎಂದು ಹಿಡಿಯಿರಿ.

ನಮ್ಮ ಗಿರಣಿಯ ಲೆಕ್ಕ ಹೀಗಿತ್ತು: 450 ಮೀಟರ್ ಗಾಜಿಗೆ 0.16, ಎರಡು ಜಾಯಿಂಟಿಗೆ 0.2, ಎರಡು ತುದಿಯ ಕನೆಕ್ಟರ್ ಜೋಡಿಗಳಿಗೆ 1.0. ಒಟ್ಟು ಹತ್ತಿರಹತ್ತಿರ 1.4 ಡಿಬಿ. ಕನ್ವರ್ಟರ್ ಜೊತೆ ಬಂದ ಕಾಗದದಲ್ಲಿ, ಕಳಿಸುವ ಬೆಳಕು ಕಡಿಮೆಯೆಂದರೆ ಮೈನಸ್ 9 ಡಿಬಿಎಂ, ಪಡೆಯಲು ಬೇಕಾದದ್ದು ಕನಿಷ್ಠ ಮೈನಸ್ 22 ಎಂದಿತ್ತು. ಅಂದರೆ ಖರ್ಚಿಗೆ ಇರುವುದು 13, ಆಗುವ ಖರ್ಚು 1.4.

ಮೈನಸ್ ಅಂಕಿ ಕಂಡು ಗಾಬರಿ ಬೇಡ. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವಾಟ್. ಮೈನಸ್ 10 ಎಂದರೆ ಅದರ ಹತ್ತನೇ ಒಂದು ಪಾಲು, ಮೈನಸ್ 20 ನೂರನೇ ಒಂದು ಪಾಲು. 3 ಡಿಬಿ ಇಳಿದರೆ ಬೆಳಕು ಅರ್ಧವಾಯಿತು ಎಂದು ಅರ್ಥ. ಇಷ್ಟು ನೆನಪಿದ್ದರೆ ಸಾಕು.

ಗುಂಡಿ ತೋಡಿ, ಪೈಪಿನಲ್ಲಿ ಎಳೆಯಿರಿ

ತೋಟದಲ್ಲಿ ಕೇಬಲ್ಲನ್ನು ಮರಕ್ಕೆ ಬಿಗಿಯುವುದು ಸುಲಭ, ಅಳಿಲಿಗೂ ಅದು ಸುಲಭವೇ. ಸೋಗೆ ಬಿದ್ದರೂ ಹರಿಯುತ್ತದೆ. ನೆಲದೊಳಗೆ ಹೋಗುವುದೇ ಮೇಲು. ಮರದ ಪಾತಿಗಳನ್ನು ತಪ್ಪಿಸಿ, ಸಾಲುಗಳ ನಡುವೆ, ಟ್ರ್ಯಾಕ್ಟರಿನ ನೇಗಿಲು ಮುಟ್ಟದಷ್ಟು ಆಳಕ್ಕೆ, ಅಂದರೆ ಎರಡೂವರೆ ಮೂರು ಅಡಿ ತೋಡಿಸಿ ಎಚ್‌ಡಿಪಿಇ ಪೈಪ್ ಹಾಕಿ. ಮೇಲೊಂದು ಅಡಿ ಮಣ್ಣು ತುಂಬಿದ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಹಾಸಿದರೆ, ಮುಂದೆ ಜೆಸಿಬಿಯವನ ಕಣ್ಣಿಗೆ ಮೊದಲು ಅದು ಬೀಳುತ್ತದೆ. ದಾರಿಯಲ್ಲಿ ಸರ್ಕಾರಿ ರಸ್ತೆ ಅಡ್ಡ ಬಂದರೆ ಅನುಮತಿ ಬೇಕು. ಸ್ವಂತ ಜಮೀನಿನೊಳಗೆ ಆ ತಾಪತ್ರಯವಿಲ್ಲ.

ಇಲ್ಲಿ ಒಂದು ತಪ್ಪು ಬಹಳ ಮಂದಿ ಮಾಡುತ್ತಾರೆ. ಸಿಡಿಲಿಗೆ ಹೆದರಿ ಫೈಬರಿಗೆ ಬಂದು, ಇಲಿಗೆ ಹೆದರಿ ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ ತರುತ್ತಾರೆ. ಆ ಉಕ್ಕು ಮತ್ತೆ ಸಿಡಿಲಿಗೆ ದಾರಿಯೇ. ತಂದಾಗಿದ್ದರೆ ಕಟ್ಟಡದೊಳಗೆ ಹೋಗುವ ಮುನ್ನ ಅದನ್ನು ಅರ್ತ್ ಮಾಡಿಸಲೇಬೇಕು. ನನ್ನ ಆಯ್ಕೆ ಲೋಹವೇ ಇಲ್ಲದ ಕೇಬಲ್, ಇಲಿ ಹೆಗ್ಗಣಗಳಿಗೆ ಗಟ್ಟಿ ಪೈಪು. ಕರೆಂಟ್ ಲೈನಿನಿಂದ ಬರುವ ಹೊಡೆತವನ್ನು ಫೈಬರ್ ತಡೆಯುವುದಿಲ್ಲ, ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇರೆ ಹಾಕಿಸಿ.

ಒಂದು ಎಳೆ ಸಾಕಾದರೂ 4 ಕೋರಿನ ಕೇಬಲ್ ತನ್ನಿ. ಗುಂಡಿಯ ಕೂಲಿಯ ಮುಂದೆ ಉಳಿದ ಮೂರು ಎಳೆಗಳ ಬೆಲೆ ಲೆಕ್ಕಕ್ಕಿಲ್ಲ. ಎರಡೂ ತುದಿಯಲ್ಲಿ ಹತ್ತು ಮೀಟರ್ ಹೆಚ್ಚಿಗೆ ಸುರುಳಿ ಸುತ್ತಿಡಿ. ಎಳೆಯುವಾಗ ತಿರುವಿನ ತ್ರಿಜ್ಯ ಕೇಬಲ್ಲಿನ ದಪ್ಪದ ಇಪ್ಪತ್ತು ಪಟ್ಟಿಗಿಂತ ಕಡಿಮೆಯಾಗಬಾರದು. ಎಳೆದಾದ ಮೇಲೆ ಹತ್ತು ಪಟ್ಟಿನವರೆಗೆ ನಡೆಯುತ್ತದೆ.

ಜಾಯಿಂಟ್: ಪಕ್ಕದಲ್ಲಿ ನಿಂತು ನೋಡಿ

ಕೆಲಸಗಾರ ಹೊರಗಿನ ಸಿಪ್ಪೆಯನ್ನು ಒಂದು ಮೀಟರಿನಷ್ಟು ಸುಲಿಯುತ್ತಾನೆ. ಒಳಗಿನ ಕೊಳವೆಯಿಂದ ಅಂಟಂಟು ಜೆಲ್ಲಿ ಮೆತ್ತಿದ ಬಣ್ಣದ ಎಳೆಗಳು ಹೊರಬರುತ್ತವೆ: ನೀಲಿ, ಕಿತ್ತಳೆ, ಹಸಿರು, ಕಂದು. ಎಣಿಕೆಯ ಕ್ರಮವೂ ಅದೇ. ಜೆಲ್ಲಿ ಒರೆಸಿದ ಮೇಲೆ ಮೊದಲು ಆಗಬೇಕಾದದ್ದು ಕುಗ್ಗುವ ತೋಳನ್ನು, ಅಂದರೆ ಸ್ಲೀವನ್ನು, ಎಳೆಗೆ ಪೋಣಿಸುವುದು. ಮರೆತು ಜಾಯಿಂಟ್ ಮುಗಿಸಿದರೆ ಕತ್ತರಿಸಿ ಮತ್ತೆ ಮಾಡಬೇಕು. ಮರೆಯದ ಕೆಲಸಗಾರನನ್ನು ನಾನಿನ್ನೂ ಕಂಡಿಲ್ಲ, ನನ್ನನ್ನೂ ಸೇರಿಸಿ.

ಆಮೇಲೆ ಬಣ್ಣದ ಪದರ ಸುಲಿದು ಬರಿಯ ಗಾಜು. ಅದರ ದಪ್ಪ 125 ಮೈಕ್ರಾನ್. ಬೆಳಕು ಹರಿಯುವ ನಡುವಿನ ತಿರುಳು ಬರೀ 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಟಿಶ್ಯೂದಲ್ಲಿ ಹಿಡಿದು ಎಳೆದಾಗ ‘ಕೀಚ್’ ಎಂದು ಸಣ್ಣ ಸದ್ದು ಬಂದರೆ ಶುಚಿಯಾಯಿತು. ಕ್ಲೀವರಿನಲ್ಲಿ ಇಟ್ಟು ನೇರವಾಗಿ ತುಂಡರಿಸಿ, ಯಂತ್ರದ ಎರಡು ಕಡೆ ಎಳೆಗಳನ್ನು ಮಲಗಿಸಿ ಮುಚ್ಚಳ ಹಾಕಿದರೆ, ಪರದೆಯ ಮೇಲೆ ಎರಡು ತುದಿಗಳು ತೆವಳಿಕೊಂಡು ಹತ್ತಿರ ಬರುವುದು ಕಾಣುತ್ತದೆ. ಒಂದು ಕಿಡಿ. ಎರಡು ಗಾಜು ಒಂದಾಗುತ್ತದೆ. ಪರದೆ 0.02 ಡಿಬಿ ಎಂದೇನೋ ತೋರಿಸುತ್ತದೆ. ಅದು ಚಿತ್ರ ನೋಡಿ ಯಂತ್ರ ಹಾಕಿದ ಅಂದಾಜು. ಪವರ್ ಮೀಟರ್ ಹೇಳುವುದೇ ನಿಜ.

ತುಂಡರಿಸಿದ ಗಾಜಿನ ಚೂರುಗಳನ್ನು ಅಲ್ಲೇ ಬಿಡಬೇಡಿ. ಕಣ್ಣಿಗೆ ಕಾಣದೆ ಕಾಲಿಗೆ ಹೊಕ್ಕುತ್ತವೆ. ಮುಚ್ಚಳವಿರುವ ಬಾಟಲಿಗೆ ಹಾಕಿಸಿ, ಆ ಮೇಜಿನ ಮೇಲೆ ಕಾಫಿ ತಿಂಡಿ ಇಡಬೇಡಿ.

ತುದಿ ಒರೆಸದೆ ಚುಚ್ಚಬೇಡಿ

ಫೈಬರಿನ ತಕರಾರುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಕೊಳೆ. ಕನೆಕ್ಟರಿನ ಬಿಳಿ ಮೂತಿಯ ನಟ್ಟನಡುವೆ ಆ 9 ಮೈಕ್ರಾನ್ ಕಿಂಡಿ ಇದೆ. ನಮ್ಮ ಕಡೆ ಗೋದಾಮುಗಳಲ್ಲಿ ನಾರಿನ ಧೂಳು ಗಾಳಿಯಲ್ಲೇ ತೇಲುತ್ತಿರುತ್ತದೆ. ಎಣ್ಣೆ ಗಿರಣಿಯಲ್ಲಂತೂ ಬಾಗಿಲ ಚಿಲಕವೂ ಜಿಡ್ಡು. ಹೊಸ ಪ್ಯಾಚ್ ಕಾರ್ಡನ್ನೂ, ಅಂದರೆ ಎರಡು ತುದಿಗೂ ಕನೆಕ್ಟರ್ ಇರುವ ತುಂಡು ಫೈಬರನ್ನೂ, ಒರೆಸಿಯೇ ಹಾಕಬೇಕು, ಅದರ ಟೋಪಿಯೊಳಗೂ ಧೂಳಿರುತ್ತದೆ. ಅಂಗಿಯ ತುದಿ, ಪಂಚೆಯ ಸೆರಗು ಆಗದು. ಒತ್ತಿದರೆ ‘ಟಿಕ್’ ಎಂದು ತಿರುಗಿ ಒರೆಸುವ ಪೆನ್ನಿನಂಥ ಕ್ಲೀನರ್ ಸಿಗುತ್ತದೆ, ಒಂದು ತಂದಿಡಿ.

ಬಣ್ಣವನ್ನೂ ನೋಡಿ. ನೀಲಿ ಕನೆಕ್ಟರಿನ ಮೂತಿ ನೇರ, ಹಸಿರಿನದು 8 ಡಿಗ್ರಿ ಓರೆ. ಹಸಿರನ್ನು ನೀಲಿಗೆ ಚುಚ್ಚಿದರೆ ಒಳಗೆ ಕೂರುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ, ಮೂತಿಗೂ ಪೆಟ್ಟು. ಮತ್ತೆ, ಉರಿಯುತ್ತಿರುವ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ‘ಲೈಟ್ ಬರ್ತಿದೆಯಾ’ ಎಂದು ನೋಡುವ ಅಭ್ಯಾಸ ಬಿಡಿ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಎಳೆ ಗುರುತಿಸಲು ಕೆಂಪು ಲೇಸರ್ ಪೆನ್ನು ಬಳಸಿ, ಆಚೆ ತುದಿಯನ್ನು ಗೋಡೆಗೆ ಹಿಡಿಯಿರಿ. ಹತ್ತಿರದಲ್ಲೇ ಎಳೆ ಮುರಿದಿದ್ದರೆ ಅಲ್ಲೇ ಕೆಂಪಗೆ ಹೊಳೆಯುತ್ತದೆ.

ಪರೀಕ್ಷೆ

ಮೊದಲು ಆಫೀಸಿನಲ್ಲಿ ‘ಎ’ ಡಬ್ಬಕ್ಕೆ ಕರೆಂಟ್ ಕೊಟ್ಟು, ಪ್ಯಾಚ್ ಕಾರ್ಡನ್ನು ನೇರ ಪವರ್ ಮೀಟರಿಗೆ ಹಾಕಿ. ಮೀಟರನ್ನು 1310ಕ್ಕೆ ಇಡಬೇಕು. ನಮಗೆ ಬಂದದ್ದು ಮೈನಸ್ 6.2. ಆಮೇಲೆ ಲೈನಿಗೆ ಜೋಡಿಸಿ, ಮೀಟರ್ ಹಿಡಿದು ಗೋದಾಮಿಗೆ ನಡೆದು ಅಲ್ಲಿ ಅಳೆದರೆ ಮೈನಸ್ 7.8. ವ್ಯತ್ಯಾಸ 1.6, ಕಾಗದದ ಲೆಕ್ಕ 1.4. ಇಷ್ಟು ಹತ್ತಿರ ಬಂದರೆ ಕೆಲಸಗಾರನಿಗೆ ದುಡ್ಡು ಕೊಡಬಹುದು. ನಾಲ್ಕೈದು ಬಂದಿದ್ದರೆ ‘ಲಿಂಕ್ ಬಂತಲ್ಲ ಸಾರ್’ ಎಂಬ ಮಾತಿಗೆ ಒಪ್ಪಬೇಡಿ. ಒರೆಸಿ, ಮತ್ತೆ ಅಳೆದು, ಆಗಲೂ ಹಾಗೇ ಇದ್ದರೆ ಜಾಯಿಂಟ್ ಬಿಚ್ಚಿಸಿ. ‘ಬಿ’ ಕಡೆಯಿಂದಲೂ ಇದೇ ಕ್ರಮ, ಮೀಟರ್ 1550ಕ್ಕೆ.

ಈಗ ಎರಡೂ ಡಬ್ಬ ಜೋಡಿಸಿ. ಕರೆಂಟಿನ ದೀಪ, ಫೈಬರ್ ಲಿಂಕಿನ ದೀಪ, ಲ್ಯಾನ್ ದೀಪ ಮೂರೂ ಹಸಿರಾಗಬೇಕು. ಕೆಲವು ಡಬ್ಬಗಳ ಪಕ್ಕದಲ್ಲಿ ಪುಟ್ಟ ಸ್ವಿಚ್ಚುಗಳಿರುತ್ತವೆ. ಅದರಲ್ಲೊಂದು, ಲ್ಯಾನ್ ಕಡೆ ಸತ್ತರೆ ಫೈಬರ್ ಕಡೆಯನ್ನೂ ಆರಿಸುವಂಥದ್ದು. ಪರೀಕ್ಷೆಯ ಹೊತ್ತಿಗೆ ಅದು ಆಫ್ ಇರಲಿ. ಇಲ್ಲದಿದ್ದರೆ ಲ್ಯಾನ್ ಕೇಬಲ್ ಹಾಕಿಲ್ಲವೆಂದು ಆರಿದ ಬೆಳಕನ್ನು ಜಾಯಿಂಟಿನ ತಪ್ಪೆಂದು ಹುಡುಕುತ್ತ ಮಧ್ಯಾಹ್ನ ಕಳೆಯುತ್ತದೆ.

ದೀಪ ಹಸಿರಾದ ಮಾತ್ರಕ್ಕೆ ವೇಗ ಬಂತೆಂದಲ್ಲ. ಎರಡು ತುದಿಗೂ ಒಂದೊಂದು ಲ್ಯಾಪ್‌ಟಾಪ್ ಹಾಕಿ ಒಂದು ಜಿಬಿಯ ಫೈಲ್ ಕಳಿಸಿ ನೋಡಿ. ಗಿಗಾಬಿಟ್ ಲಿಂಕಿನಲ್ಲಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಒಂದೂವರೆ ನಿಮಿಷ ಹಿಡಿದರೆ ಲಿಂಕು 100 ಎಂಬಿಪಿಎಸ್‌ಗೆ ಇಳಿದಿದೆ. ಆಗ ಫೈಬರನ್ನು ಬೈಯಬೇಡಿ. ಗಿಗಾಬಿಟ್ಟಿಗೆ ಲ್ಯಾನ್ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, ನೂರಕ್ಕೆ ಎರಡೇ ಸಾಕು. ಎಲ್ಲೋ ಒಂದು ತಂತಿ ಕನೆಕ್ಟರಿನಲ್ಲಿ ಕಚ್ಚಿಕೊಂಡಿಲ್ಲ. ಐಪರ್ಫ್ ಎಂಬ ಉಚಿತ ತಂತ್ರಾಂಶದಲ್ಲಿ ಅಳೆದರೆ 940 ಎಂಬಿಪಿಎಸ್ ಸುತ್ತ ಬರುವುದು ಸರಿಯಾದ ಲಿಂಕು.

ಕೊನೆಗೆ ಪಿಂಗ್, ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪ್ಯಾಕೆಟ್ ಕಳಿಸಿ ಉತ್ತರ ಬಂತೇ ಎಂದು ನೋಡುವುದು. 1472 ಬೈಟಿನ ದೊಡ್ಡ ಪಿಂಗನ್ನು ಒಡೆಯದಂತೆ ಕಳಿಸುವ ಆಯ್ಕೆಯೊಂದಿಗೆ ಹಚ್ಚಿ ರಾತ್ರಿಯಿಡೀ ಓಡಲು ಬಿಡಿ. ಬೆಳಗ್ಗೆ ಬಂದು ನೋಡಿದಾಗ ಕಳೆದುಹೋದ ಪ್ಯಾಕೆಟ್ ಸೊನ್ನೆ ಇರಬೇಕು. ಒಂದೆರಡೇ ಎಂದು ಬಿಡಬೇಡಿ. ಸ್ವಂತ ಎಳೆಯಲ್ಲಿ ಒಂದೂ ಕಳೆಯಬಾರದು.

ಮನೆಯ ಫೈಬರಿನವರಿಗೆ ಎರಡು ಮಾತು: ಎಲ್‌ಒಎಸ್ ದೀಪ ಕೆಂಪಗಾದರೆ ಬೆಳಕೇ ಬರುತ್ತಿಲ್ಲ. ಬರುತ್ತಿದ್ದರೆ ಎಷ್ಟು ಎಂಬುದನ್ನು ಸಾಮಾನ್ಯವಾಗಿ ಮೋಡೆಮಿನ ಲಾಗಿನ್ ಪುಟದಲ್ಲಿ ನೋಡಬಹುದು. ಮೈನಸ್ 8ರಿಂದ ಮೈನಸ್ 27ರೊಳಗೆ ಇರಬೇಕು. 26ರ ಹತ್ತಿರ ಇದ್ದರೆ ಈಗಲೇ ದೂರು ಕೊಡಿ.

ಅಳತೆಗಳನ್ನು ಎಲ್ಲಿ ಬರೆದಿಡಬೇಕು? ಮೊಬೈಲಿನಲ್ಲಲ್ಲ, ಡಬ್ಬದ ಮುಚ್ಚಳದ ಒಳಗೆ, ಮಾರ್ಕರಿನಲ್ಲಿ. ಆ ಗಿರಣಿಯಲ್ಲಿ ಮೂರು ತಿಂಗಳಾದ ಮೇಲೆ ಲಿಂಕು ಹೋಗಿ ಬಂದು ಮಾಡತೊಡಗಿತು. ಹೋಗಿ ಮುಚ್ಚಳ ತೆಗೆದರೆ ಮೈನಸ್ 7.8 ಎಂದು ಬರೆದಿದೆ, ಮೀಟರ್ ಮೈನಸ್ 20.9 ಎನ್ನುತ್ತಿದೆ. ತೋಟ ಅಗೆದು ನೋಡುವ ಮಾತೇ ಬರಲಿಲ್ಲ. ‘ಇದನ್ನ ಯಾರಾದ್ರೂ ಬಿಚ್ಚಿದ್ರಾ?’ ಎಂದೆ. ಗೋದಾಮಿನ ಹುಡುಗ ಮುಂದೆ ಬಂದ. ‘ಏನಿಲ್ಲ ಸಾರ್, ಕಪಾಟು ಆ ಕಡೆ ಸರ್ಸೋವಾಗ ಕಿತ್ತು ಮತ್ತೆ ಹಾಕ್ದೆ.’ ಅವನ ಬೆರಳುಗಳು ಕೊಬ್ಬರಿ ಎಣ್ಣೆಯಲ್ಲಿ ಮಿನುಗುತ್ತಿದ್ದವು, ಕನೆಕ್ಟರಿನ ಮೂತಿಯ ಮೇಲೂ ಅದೇ ಮಿನುಗು, ಅದರ ಮೇಲೆ ನಾರಿನ ಪುಡಿ. ಎರಡು ಸಲ ಕ್ಲೀನರ್ ಒತ್ತಿದ್ದಕ್ಕೆ ಮೈನಸ್ 7.9ಕ್ಕೆ ಬಂತು.

ಮುಂದಿನ ಸಲ ಹೋದಾಗ ಮುಚ್ಚಳದಲ್ಲಿ ನನ್ನ ಅಂಕಿಗಳ ಕೆಳಗೆ ಅವನ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: ‘ಕೈ ತೊಳೆದು ಮುಟ್ಟಿ.’